ಮಲ್ಲಿಗೆಗೆ ಒಂದು ಸ್ಟೇಷನ್

ನಮ್ಮ ಭಾವನವರು ಮುಂಬಯಿಯ ಖಾರ್ ಸ್ಟೇಷನ್ನನ್ನು ಒಂದೇ ಬೆಳಿಗ್ಗೆ ಅಳಿಸಿಹಾಕಿದವರು! ಯಾರೂ ದೂರು ಕೊಡಲಿಲ್ಲ. ಆ ಗಾಡಿಗೆ ಇದ್ದದ್ದೇ ಒಬ್ಬರು ಪ್ರಯಾಣಿಕರು, ಅವರೂ ಇನ್ನೂ ಹತ್ತಿರಲಿಲ್ಲ.

ಭಾವ, ಅಂದರೆ ನನ್ನ ಗಂಡನ ಅಣ್ಣ, ದಹಿಸರ್‌ನ ಮನೆಯಲ್ಲಿ ಕೂತು ವಿಡಿಯೋ ಗೇಮ್ ಬರೆಯುತ್ತಾರೆ. ಬರೆಯುವುದು ಈಗಿನ ಫೋನಿಗಲ್ಲ. ಮಗಳು ಶಾಲೆಯಲ್ಲಿದ್ದಾಗ ಕೊಡಿಸಿದ, ಅಂಗೈಯಗಲದ ಹಳೆಯ ಗೇಮ್ ಯಂತ್ರದೊಳಗಿನ ಬ್ರೌಸರಿಗೆ. ಚೂರು ಹೆಚ್ಚಾದರೂ ಅದು ‘ಮೆಮೊರಿ ಸಾಲದು’ ಎಂದು ಪರದೆ ಬಿಳಿ ಮಾಡಿಕೊಂಡು ಕೂರುತ್ತದೆ.

ಫೋನಿಗೇ ಬರೆಯಬಾರದೇ? ಬರೆಯಬಹುದಿತ್ತು. ಆದರೆ ಪಾರ್ಶ್ವವಾಯು ಬಡಿದ ಮೇಲೆ ಅವರ ಹೆಂಡತಿಯ, ನಾನು ಅಕ್ಕ ಎನ್ನುವವರ, ಬೆರಳು ಗಾಜಿನ ಮೇಲೆ ಜಾರುತ್ತದೆ. ಒತ್ತಿದ್ದು ಗೊತ್ತಾಗುವ ಗುಂಡಿಯೇ ಬೇಕು. ದಿನಾ ದುಡಿಸದಿದ್ದರೆ ಕೈ ಸೆಟೆದುಹೋದೀತೆಂದು ಡಾಕ್ಟರು ಹೇಳಿದ್ದರು. ಹಿಸುಕಲು ಕೊಟ್ಟ ಚೆಂಡನ್ನು ಅಕ್ಕ ಮಂಚದ ಕೆಳಗೆ ಉರುಳಿಸಿ, ಗೋಡೆಯತ್ತ ಮುಖ ಮಾಡಿದ್ದರು.

ಇಪ್ಪತ್ತು ವರ್ಷ ದಾದರ್‌ನ ಆಫೀಸಿಗೆ ಓಡಾಡಿದವರು ಅಕ್ಕ. ಹಾಗಾಗಿ ಆಟವೂ ಲೋಕಲ್ ರೈಲಿನದೇ. ಒತ್ತಿದರೆ ಗಾಡಿ ದಾದರ್ ಬಿಡುತ್ತದೆ. ಪ್ರತಿ ಸ್ಟೇಷನ್ನಿಗೂ ಒತ್ತಬೇಕು, ದಹಿಸರ್‌ನಲ್ಲಿ ಒತ್ತಿ ಇಳಿಯಬೇಕು. ಲೇಡೀಸ್ ಡಬ್ಬಿಯ ಹೆಂಗಸರೆಂದರೆ ನಾಲ್ಕಾರು ಚುಕ್ಕೆಗಳು. ಮಾಟುಂಗದಿಂದ ಮಲ್ಲಿಗೆ ಒಯ್ದಿದ್ದ ನಾನು, ಇವರಿಗೂ ಒಂದೊಂದು ಹೂ ಮುಡಿಸಬಾರದೇ ಎಂದೆ.

“ನಿನ್ನ ಮಲ್ಲಿಗೆಗೆ ಒಂದು ಸ್ಟೇಷನ್ ಹೋಗತ್ತಮ್ಮ,” ಎಂದರು. ಆಮೇಲೆ ಯೋಚಿಸಿ, “ಖಾರ್‌ನಲ್ಲಿ ನಮ್ಮೋರು ಯಾರೂ ಇಲ್ಲ ಅಲ್ವಾ?”

ಹೂವು ಬಂತು. ಆದರೂ ಪರದೆ ಬಿಳಿ. ಇನ್ನೇನನ್ನೋ ಅಳಿಸಿದರು, ಏನೆಂದು ನಾನು ಕೇಳಲಿಲ್ಲ.

ಯಂತ್ರವನ್ನು ಅಕ್ಕನ ಕೈಯ ಹತ್ತಿರ ಇಟ್ಟು, ಏನೂ ಹೇಳದೆ ನಾವು ಚಹಾಕ್ಕೆ ಕೂತೆವು. ಕಪ್ಪು ಖಾಲಿಯಾಗುವ ಹೊತ್ತಿಗೆ ‘ಟಕ್’ ಎಂದಿತು. ಭಾವ ತಿರುಗಿಯೂ ನೋಡಲಿಲ್ಲ, ಬೆರಳಲ್ಲಿ ಸ್ಟೇಷನ್ ಎಣಿಸುತ್ತಿದ್ದರು. ದಹಿಸರ್ ಬಂದಾಗ ಸದ್ದು ನಿಂತಿತು.

“ಇಳಿಯೇ,” ಎಂದರು.

“ನೀವೆಲ್ಲಿ?” ಅಕ್ಕನ ಮಾತು ತೊದಲುತ್ತಿತ್ತು. “ಪ್ಲಾಟ್‌ಫಾರ್ಮಲ್ಲಿ… ನೀವಿಲ್ಲ.”

ಅಷ್ಟು ವರ್ಷವೂ ಸಂಜೆ ದಹಿಸರ್ ಸ್ಟೇಷನ್ನಿನ ಗಡಿಯಾರದ ಕೆಳಗೆ ನಿಂತು, ಅವರ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದವರು ಭಾವ.

“ಮೆಮೊರಿ ಸಾಲಲಿಲ್ಲ ಕಣೇ. ನಿನ್ನ ಫ್ರೆಂಡ್ಸಿಗೆ ಜಾಗ ಮಾಡಿದೆ.”

“ಹಾಗಾದ್ರೆ ಇಳಿಯಲ್ಲ.”

ಯಂತ್ರ ಪಕ್ಕಕ್ಕೆ ಸರಿಯಿತು. ಹೂವನ್ನೇ ತೆಗೆದುಬಿಡಿ ಎಂದು ನಾನು ಅವಸರದಲ್ಲಿ ಹೇಳಿದೆ. ಅಕ್ಕ ಬೇಡವೆಂದು ತಲೆಯಾಡಿಸಿದರು.

ಮುಂದಿನ ವಾರ ನಾನು ಹೋದಾಗ ಆಟದ ಗಾಡಿಗೆ ಚಾವಣಿಯೇ ಇರಲಿಲ್ಲ. ಗಡಿಯಾರವಿಲ್ಲ, ಅರ್ಧ ಪ್ಲಾಟ್‌ಫಾರ್ಮೂ ಇಲ್ಲ. ಉಳಿದರ್ಧದ ತುದಿಯಲ್ಲಿ ಮೂರು ಚುಕ್ಕೆಯ ಒಬ್ಬ ಮನುಷ್ಯ ಕೈ ಚಾಚಿ ನಿಂತಿದ್ದ.

ಅಕ್ಕ ಒತ್ತಿದರು, ಇಳಿದರು. ಮತ್ತೆ ದಾದರ್‌ಗೆ ಹೋದರು, ಇನ್ನೊಮ್ಮೆ ಇಳಿಯುವುದಕ್ಕೆ.