ಮಾಳಿಗೆಯ ಹೊಲಕ್ಕೆ ಚರಗ

ನಿಜಗುಣಪ್ಪ ಮಾಸ್ತರರ ಸಂಕಟಕ್ಕೆಲ್ಲ ಮೂಲ ಒಂದೇ ಒಂದು ಟೊಮೆಟೊ. ಅದೂ ಇನ್ನೂ ಅರೆಗೆಂಪು.

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರರು, ಮಣ್ಣೇ ಇಲ್ಲದೆ ಬರೀ ಗೊಬ್ಬರದ ನೀರಿನಲ್ಲಿ ಬೆಳೆ ತೆಗೆಯಬಹುದೆಂದು ಎಲ್ಲಿಯೋ ಓದಿ, ಮಾಳಿಗೆಯ ಖೋಲಿಯಲ್ಲಿ ಬಕೀಟುಗಳ ಸಾಲು ಹೂಡಿದ್ದರು. ಮೇಲೆ ಟ್ಯೂಬ್‌ಲೈಟು, ನೀರಿನೊಳಗೆ ಮೀನಿನ ತೊಟ್ಟಿಯ ಪಂಪು. ಗಿಡಗಳು ಸಲಾಯಿನ್ ಏರಿಸಿಕೊಂಡ ಪೇಶಂಟುಗಳಂತೆ ದಾರಕ್ಕೆ ಜೋತು ನಿಂತಿದ್ದವು. ಮೊದಲು ಎಲೆ ಬಂತು, ಆಮೇಲೆ ಹೂವು ಬಂತು, ಆಮೇಲೆ ಕರೆಂಟಿನ ಬಿಲ್ಲು ಬಂತು. ಕೊನೆಗೂ ಒಂದು ಕಾಯಿ ಬಂತು.

ಆ ಖೋಲಿಯ ಮೇಲೆ ಮಾವನವರ ಕಣ್ಣಿತ್ತು. ಮನೆ ಅವರದೇ; ಸಂಪಗಾಂವದ ಶಂಕ್ರೆಪ್ಪನವರಿಗೆ ಸೋಯಾಬೀನ್ ಚೀಲ ಒಟ್ಟಲು ಜಾಗ ಬೇಕು. ಸೀಗಿ ಹುಣ್ಣಿಮೆಯ ಬೆಳಿಗ್ಗೆ ಅವರ ಫೋನು ಬಂತು, ಅದೂ ಪಕ್ಕದ ಮಾಯವ್ವನ ಮನೆಗೆ. ಓಣಿಗೆಲ್ಲ ಇದ್ದದ್ದು ಅದೊಂದೇ ಫೋನು. ಹೀಗಾಗಿ ಮಾಸ್ತರರಿಗಿಂತ ಮೊದಲು ಓಣಿಗೆ ಸುದ್ದಿ ತಿಳಿಯಿತು.

"ಸಂಜೀಕ ನಿಮ್ಮ ಮಾವಾರು ಬರ್ತಾರಂತರೀ ಮಾಸ್ತರ!" ಎಂದ ಮಾಯವ್ವ, ಶಂಕ್ರೆಪ್ಪನವರ ದನಿಯನ್ನೇ ಗಂಟಲಿಗಿಳಿಸಿಕೊಂಡು ಇಲ್ಲದ ಮೀಸೆ ತಿರುವಿದಳು. "'ಮಣ್ಣಿಲ್ಲದ ಹಣ್ಣು ಕಣ್ಣೀಗೆ ಕಂಡ್ರ ಖೋಲಿ ಅಳಿಯಂದ್ರದು. ಕಾಣಲಿಲ್ಲಂದ್ರ ನಾಳೆ ಚೀಲಾ ಹೇರಿಕೊಂಡು ಟ್ರ್ಯಾಕ್ಟರ್ ಬರ್ತತಿ!' ಹಿಂಗಂದ್ರು ನೋಡ್ರಿ."

ಮಾಸ್ತರರು ಮಾಳಿಗೆಗೆ ಓಡಿದರು. ಕಾಯಿ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಿಂಡಿದ ಕಿವಿಯಷ್ಟು ಕೆಂಪೇರಿತ್ತು. ಸಂಜೆಯ ಹೊತ್ತಿಗೆ ಪೂರಾ ಹಣ್ಣು! ಅಷ್ಟರಲ್ಲಿ ಹಿಂದೆಯೇ ಮಾಯವ್ವನೂ ಹತ್ತಿ ಬಂದಿದ್ದಳು.

"ಮುಟ್ಟಬ್ಯಾಡ ಮಾಯಕ್ಕಾ!"

"ಹಣ್ಣ ಯಾರ ಮುಟ್ಟತಾರಪಾ? ದೀಪಾ ಅಷ್ಟ ಹಚ್ಚಿ ನೋಡತೇನಿ," ಎಂದು ಆಕೆ ಸ್ವಿಚ್ಚನ್ನು ಗಂಟೆ ಬಾರಿಸಿದಂತೆ ಟಕಟಕ ಒತ್ತಿದಳು. ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು, ಮಿಟುಕಿಸಿತು, ಮುಚ್ಚಿತು. ಸ್ಟಾರ್ಟರು ಹೋಗಿತ್ತು.

ಬೆಳಕಿಲ್ಲದೆ ಹಣ್ಣಾದೀತೇ? ಮಾಸ್ತರರು ಸೈಕಲ್ಲಿಗೆ ಹಾರಿದರು. ಬಾಗಿಲಲ್ಲಿ ತಾಯಿ ತಂಗೆವ್ವ ತಡೆದಳು.

"ನಿಜಗುಣಾ, ಇವತ್ತ ಹುಣ್ಣಿವಿ. ಹೊಲಾ ಹೋದಾಗಿಂದ ನನ್ನ ಕೈಲೆ ಚರಗಾನ ಚೆಲ್ಲಿಲ್ಲೋ..."

"ಆಮ್ಯಾಲ ಮಾತಾಡೂಣು ಬೇ ಯವ್ವಾ!"

ಬಜಾರಕ್ಕೆ ಹೋದರೆ ಅಂಗಡಿಗಳೆಲ್ಲ ಬಂದ್. ಫಲ ಹೊತ್ತ ಭೂಮಿತಾಯಿಗೆ ಬಸುರಿಯ ಬಯಕೆ ತೀರಿಸಿದಂತೆ ಹೊಲದ ತುಂಬ ಅಡುಗೆ ಎರಚುವ ದಿನ ಅದು. ಊರಿಗೆ ಊರೇ ಚರಗ ಚೆಲ್ಲಲು ಹೊಲ ಸೇರಿತ್ತು. ಎಲೆಕ್ಟ್ರಿಕ್ ಅಂಗಡಿಯ ಮಾಳಪ್ಪನನ್ನು ಹುಡುಕಿಕೊಂಡು ಮಾಸ್ತರರು ಸಂಗೊಳ್ಳಿ ರಸ್ತೆಯ ಅವನ ಹೊಲದವರೆಗೂ ಸೈಕಲ್ ತುಳಿದರು.

"ಸ್ಟಾರ್ಟರ್ ಕೊಡೂಣಂತ ಕುಂಡರ್ರಿ ಸರ. ಇವತ್ತ ಹೊಲಕ್ಕ ಬಂದಾವ್ರು ಉಣಲಾರದ ಹೋಗಬಾರದು," ಎಂದ ಮಾಳಪ್ಪ.

ಸ್ಟಾರ್ಟರಿಗಾಗಿ ಮಾಸ್ತರರು ಕಡುಬು ನುಂಗಿದರು, ಹೋಳಿಗೆ ನುಂಗಿದರು, ಸಿಟ್ಟನ್ನೂ ನುಂಗಿದರು. ಕೊನೆಗೆ ಅಂಗಡಿಯ ಬಾಗಿಲು ತೆರೆಸಿ ಸ್ಟಾರ್ಟರು ಕಿಸೆಗೆ ಬಿದ್ದಾಗ ಹೊತ್ತು ಇಳಿದಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಬಂದರೆ ಎದುರಿಗೇ ಬಸ್ಸಿನಿಂದ ಮಾವ ಇಳಿಯುತ್ತಿದ್ದರು.

"ಹಣ್ಣಾತೇನ್ರಿ ಅಳಿಯಂದ್ರ?"

"ಆಗಾಕ ಹತ್ತೇತ್ರಿ ಮಾವಾರ."

ಮನೆ ಮುಟ್ಟುತ್ತಲೇ ಮಾಳಿಗೆಯಿಂದ ಚರಗ ಚೆಲ್ಲುವವರ ಕೂಗು ಕೇಳಿಸಿತು: "ಹುಲ್ಲುಲ್ಲಿಗ್ಯೋ... ಚಲ್ಲಂಬರಿಗ್ಯೋ!"

ಮಾಸ್ತರರು ಪಾವಟಿಗೆಗಳನ್ನು ಜಿಗಿದು ಹತ್ತಿದರು. ತಂಗೆವ್ವ ಸೆರಗು ಕಟ್ಟಿ, ಬಗಲಲ್ಲಿ ಬುಟ್ಟಿ ಹಿಡಿದು, ಬಕೀಟು ಬಕೀಟಿಗೂ ಚರಗ ಚೆಲ್ಲುತ್ತಿದ್ದಳು. ಹಿಂದೆ ಮಾಯವ್ವ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಗೊಬ್ಬರದ ನೀರಿನಲ್ಲಿ ಕಡುಬುಗಳು ಕೆರೆಗೆ ಬಿದ್ದ ಎಮ್ಮೆಗಳಂತೆ ತೇಲುತ್ತಿದ್ದವು. ಪುಂಡಿಪಲ್ಯ ತಿಂದ ಪಂಪು ಒಮ್ಮೆ ತೇಗಿ ಸುಮ್ಮನಾಯಿತು. ಗಿಡದ ತೊಟ್ಟು ಖಾಲಿ.

"ಹಣ್ಣೆಲ್ಲಿ ಬೇ?"

"ಮೊದಲನೇ ಫಲ ಭೂಮಿತಾಯಿಗೆ ಸಲ್ಲಬೇಕಲ್ಲಪಾ. ಹಿಚಕಿ ಚರಗದಾಗ ಕಲಿಸೇನಿ." ತಂಗೆವ್ವ ಕಣ್ಣೊರೆಸಿಕೊಂಡಳು. "ಹೊಲಾ ಇಲ್ಲದ ಮನಿಗೆ ಮತ್ತ ಹೊಲಾ ತಂದೆಲ್ಲೋ ನಿಜಗುಣಾ. ಹುಲಸಾಗಲಿ."

ಬೈಯಲು ಹೊರಟಿದ್ದ ಮಾಸ್ತರರು ಬಗ್ಗಿ ಪಂಪಿನ ಪ್ಲಗ್ಗು ಕಿತ್ತರು. ಮಾಸ್ತರರ ಹೆಂಡತಿ ಭಾಗೀರಥಿ ಮೂಲೆಯಿಂದ ಮೆಲ್ಲಗೆ, "ನಾ ಬ್ಯಾಡಂದ್ನಿರಿ. ಅತ್ತಿ ಅಳಾಕ ಹತ್ತಿದ್ರು," ಎಂದಳು.

ಹಿಂದೆಯೇ ಹತ್ತಿ ಬಂದಿದ್ದ ಶಂಕ್ರೆಪ್ಪನವರು ಬಕೀಟುಗಳ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಚಪ್ಪಲಿ ಕಳಚಿ, ಬಕೀಟಿಗೆ ಕೈ ಮುಗಿದರು.

"ನನ್ನ ಮಕ್ಕಳು ಇವತ್ತ ಫಟಫಟಿ ಮ್ಯಾಲಿಂದ ಇಳೀದನ ಚರಗಾ ಚೆಲ್ಲಿ ಬಂದ್ರು. ಇಲ್ಲಿ ಬಕೀಟಿಗೂ ಎಂಥಾ ಭಕ್ತಿ! ಚರಗಾ ಬಿದ್ದ ಮ್ಯಾಲೆ ಇದು ಹೊಲಾನ. ಹೊಲದ ಮ್ಯಾಲೆ ಚೀಲಾ ಒಟ್ಟಾಂವ ನಾ ಅಲ್ಲ. ಖೋಲಿ ನಿಮ್ಮದರಿ ಅಳಿಯಂದ್ರ."

ಮಾಸ್ತರರಿಗೆ ಮಾವನ ಕಾಲಿಗೇ ಬೀಳೋಣವೆನಿಸಿತು. ಹಣ್ಣು ಹೋದರೇನು, ಖೋಲಿ ಉಳಿಯಿತು! ನೀರು ಬದಲಿಸಿದರಾಯಿತು, ಬೀಜ ಮತ್ತೆ ಹಾಕಿದರಾಯಿತು. ಶಂಕ್ರೆಪ್ಪನವರು ಮಾತ್ರ ಹೋಗುವ ಮುಂಚೆ ತೋಳು ಮಡಚಿ, ಒಂದು ಬಕೀಟಿನ ತಳದವರೆಗೂ ಕೈಯಾಡಿಸಿ, ಲೊಚಗುಟ್ಟಿ, ಕಡೇ ಬಸ್ಸಿಗೆ ಹೊರಟುಹೋದರು.

ಬೆಳಗಾಗುತ್ತಲೇ ಬಾಗಿಲ ಮುಂದೆ ಟ್ರ್ಯಾಕ್ಟರಿನ ಹಾರ್ನು. ಮಾಸ್ತರರು ಕಣ್ಣುಜ್ಜಿಕೊಂಡು ಹೊರಗೆ ಬಂದರು. ಟ್ರೇಲರಿನಲ್ಲಿ ಚೀಲ ಒಂದೂ ಇರಲಿಲ್ಲ. ಇದ್ದದ್ದು ಗೋಪುರದಂತೆ ಹೇರಿದ, ಕರ್ರಗಿನ, ಸಂಪಗಾಂವದ ಎರೆಮಣ್ಣು. ಅದರ ತುದಿಯಲ್ಲಿ ನಿಂತು ಶಂಕ್ರೆಪ್ಪನವರು ಬುಟ್ಟಿ ಚಾಚಿದರು.

"ಹಿಡೀರಿ ಅಳಿಯಂದ್ರ! ಇಷ್ಟ ಚಲೋ ಹೊಲಾ, ಮಣ್ಣೊಂದಿಲ್ಲದ ಹಾಳಾಗೂದು ನನಗ ನೋಡಾಕ ಆಗಲಿಲ್ಲ!"