ಕೋಚ್ ಗ್ರಿಮ್ಸ್ ಪಕ್ಕದ ಮನೆ

ಸೋಮವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಜಗುಲಿಗೆ ಬಂದ ಓರ್ವಿಲ್ ಟ್ಯಾಕೆಟ್‌ಗೆ ಅಂಗಳದಲ್ಲಿ ಮತ್ತೆ ಮೂರು ಬೋರ್ಡುಗಳು ಕಂಡವು. ಮೂರರ ಮೇಲೂ ಒಂದೇ ಬರಹ: 'ಈ ಮನೆ ಮಾರಾಟಕ್ಕಿದೆ'. ಓರ್ವಿಲ್ ಲೋಟವನ್ನು ಕಟ್ಟೆಯ ಮೇಲಿಟ್ಟ, ಒಂದೊಂದನ್ನೇ ಕಿತ್ತ, ಕಂಕುಳಲ್ಲಿ ಇರುಕಿಕೊಂಡು ಕಾರ್‌ಶೆಡ್ಡಿಗೆ ಎಸೆದ. ಆಗಸ್ಟಿನಿಂದ ಕಿತ್ತೂ ಕಿತ್ತೂ ಅವನ ಕೈ ಪಳಗಿತ್ತು. ಈಗ ಎಡಗೈಯಲ್ಲೂ ಕೀಳುತ್ತಿದ್ದ.

ಅವನು ಮನೆ ಮಾರುತ್ತಿರಲಿಲ್ಲ. ಅವನ ಅಪ್ಪ ಕಟ್ಟಿಸಿದ ಮನೆ ಅದು. ಜಗುಲಿಯ ಉಯ್ಯಾಲೆಯಲ್ಲಿ ಕೂತೇ ಪ್ರಾಣ ಬಿಡಬೇಕೆಂದು ಅವನಾಸೆ. ತೊಂದರೆ ಇದ್ದದ್ದು ಪಕ್ಕದ ಮನೆಯಲ್ಲಿ. ಅಲ್ಲಿ ಇದ್ದವನು ಬೂಫರ್ಡ್ ಗ್ರಿಮ್ಸ್, ಪೆಕನ್ ಫೋರ್ಕ್ ಕಾಲೇಜಿನ ಫುಟ್‌ಬಾಲ್ ಕೋಚ್. ಅಲಬಾಮಾದ ಈ ಕಡೆ ಫುಟ್‌ಬಾಲ್ ಅಂದರೆ ಕಾಲಿಗಿಂತ ಕೈಗೆ ಹೆಚ್ಚು ಕೆಲಸ, ಕೈಗಿಂತ ಬಾಯಿಗೆ ಇನ್ನೂ ಹೆಚ್ಚು ಕೆಲಸ. ಟೀಮು ಸೋತರೆ ಜನ ಕತ್ತಲಾದ ಮೇಲೆ ಬಂದು ಕೋಚ್ ಮನೆಯ ಅಂಗಳದಲ್ಲಿ ಮಾರಾಟದ ಬೋರ್ಡು ನೆಟ್ಟು ಹೋಗುತ್ತಾರೆ. ಗಂಟುಮೂಟೆ ಕಟ್ಟು ಅಂತ ಅರ್ಥ. ಗೆದ್ದರೆ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಸುರುಳಿ ಎಸೆದು ಹಬ್ಬ ಮಾಡುತ್ತಾರೆ. ಎರಡೂ ಮನೆಗಳು ಒಂದೇ ನಮೂನೆ, ಒಂದೇ ಬಿಳಿ ಬಣ್ಣ. ಬಿಯರ್ ಕುಡಿದ ಕಣ್ಣಿಗೆ ಯಾವ ಮನೆಯಾದರೇನು? ಅರ್ಧ ಬೋರ್ಡುಗಳು ಓರ್ವಿಲ್‌ನ ಅಂಗಳಕ್ಕೇ ಬರುತ್ತಿದ್ದವು. ಎಸೆಯುವುದಕ್ಕೆ ತಕ್ಕ ದೊಡ್ಡ ಓಕ್ ಮರ ಇದ್ದದ್ದೂ ಅವನ ಅಂಗಳದಲ್ಲೇ. ಹೀಗಾಗಿ ಕೋಚ್ ಗೆದ್ದರೂ ಓರ್ವಿಲ್‌ಗೆ ಸೋಲು, ಸೋತರೂ ಓರ್ವಿಲ್‌ಗೆ ಸೋಲು. ಊರಿಗೆಲ್ಲ ಹಾಸಿಗೆ ಮಾರುವ ಅಂಗಡಿಯವನಿಗೆ ಶನಿವಾರ ರಾತ್ರಿ ನಿದ್ದೆಯೇ ಇರುತ್ತಿರಲಿಲ್ಲ.

ಒಳಗಿನಿಂದ ಹೆಂಡತಿ ವರ್ನಾ ಬಂದಳು. ಅವಳ ಕೈಯಲ್ಲಿ ಮುರಿದ ಕಮೀಲಿಯಾ ಗಿಡದ ರೆಂಬೆ ಇತ್ತು. ತುಂಬಿ ಬಂದಿದ್ದ ಮೊಗ್ಗುಗಳ ಮೇಲೆ ಯಾರದೋ ಬೂಟಿನ ಗುರುತು.

"ನೋಡಿ, ಇದೇ ಕೊನೆ ಸಲ ಹೇಳೋದು," ಅಂದಳು. "ಮುಂದಿನ ಹಂಗಾಮಿಗೂ ಆ ಮನುಷ್ಯ ಪಕ್ಕದ ಮನೇಲಿದ್ರೆ ನಾನಂತೂ ಈ ಮನೇಲಿರಲ್ಲ. ಮನೆ ಮಾರಿ, ಪೆನ್ಸಕೋಲಾದಲ್ಲಿರೋ ನಮ್ಮಕ್ಕನ ಹತ್ರ ಹೋಗೋಣ."

"ನಿಮ್ಮಕ್ಕನ ಹತ್ರಾನಾ?" ಓರ್ವಿಲ್ ಉಯ್ಯಾಲೆಯ ಸರಪಳಿ ಹಿಡಿದುಕೊಂಡ.

"ಒಂದೋ ಅವನು ಹೋಗ್ಬೇಕು, ಇಲ್ಲಾ ನಾವು."

ಕೋಚ್ ಹೋಗುವುದು ಸುಲಭವಿರಲಿಲ್ಲ. ಕಾಲೇಜೇ ತೆಗೆದುಹಾಕಿದರೆ ಉಳಿದ ವರ್ಷಗಳ ಸಂಬಳವನ್ನೆಲ್ಲ ಕೊಟ್ಟು ಕಳಿಸಬೇಕು. ಕಾಲೇಜಿನ ಧರ್ಮದರ್ಶಿಗಳು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ. ಬೇರೆ ಯಾವುದಾದರೂ ಕಾಲೇಜು ಕೆಲಸ ಕೊಟ್ಟು ಕರೆದುಕೊಂಡು ಹೋದರೆ ಮಾತ್ರ ಊರಿಗೆ ಬಿಡುಗಡೆ. ಆದರೆ ನಾಲ್ಕು ಪಂದ್ಯ ಗೆದ್ದು ಎಂಟು ಸೋತವನನ್ನು ಯಾವ ಪುಣ್ಯಾತ್ಮ ಕರೆಯುತ್ತಾನೆ?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕ್ಷೌರದಂಗಡಿಯ ರೂಫಸ್ ಪೆಟ್ವೇ.

"ಓರ್ವಿಲ್, ಬೇಗ ಬಾರೋ! ವಿಮಾನ ಇಳಿದಿದೆ!"

"ಯಾರ ವಿಮಾನ?"

"ಸಣ್ಣ ವಿಮಾನ, ಬಾಡಿಗೇದು. ಟೆನೆಸ್ಸಿಯಿಂದ ನೇರ ನಮ್ಮೂರಿನ ಬಯಲಿಗೆ. ಅಲ್ಲಿ ಬ್ಲೌಂಟ್‌ವುಡ್ ಕಾಲೇಜು ನಿನ್ನೆ ತಾನೆ ತನ್ನ ಕೋಚನ್ನ ಓಡಿಸ್ತು, ಗೊತ್ತಲ್ಲ? ಇವತ್ತು ಕೋಟು ಹಾಕ್ಕೊಂಡೋನು ಒಬ್ಬ ಇಳಿದು ಗ್ರಿಮ್ಸ್ ಬಗ್ಗೆ ವಿಚಾರಿಸ್ತಾ ಇದಾನೆ. ಎರಡಕ್ಕೆ ಎರಡು ಸೇರಿಸೋಕೆ ಕಾಲೇಜಿಗೆ ಹೋಗ್ಬೇಕೇನೋ?"

ನವೆಂಬರ್ ಕೊನೆಯಲ್ಲಿ ಆ ಸೀಮೆಯ ಗಂಡಸರು ದೇವರನ್ನು ನೋಡಲು ಆಕಾಶ ನೋಡುವುದಿಲ್ಲ, ಕೋಚ್‌ಗಳನ್ನು ಕರೆಯಲು ಬರುವ ವಿಮಾನಗಳಿಗಾಗಿ ನೋಡುತ್ತಾರೆ. ರೂಫಸ್ ಅಂತೂ ಫೋನಿನಲ್ಲಿ ವಿಮಾನಗಳ ದಾರಿ ನೋಡುತ್ತ ಎಷ್ಟೋ ಕಿವಿಗಳನ್ನು ಕೊಯ್ದಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೆ? ಓರ್ವಿಲ್ ಚಪ್ಪಲಿಯಲ್ಲೇ ಓಡಿದ.

ಕ್ಷೌರದಂಗಡಿಯಲ್ಲಿ ಆಗಲೇ ಜನ ನೆರೆದು ವಾದಕ್ಕಿಳಿದಿದ್ದರು.

"ಆ ಮುಖಕ್ಕೆ ಹೊಸ ಕೆಲಸ ಬೇರೆ ಕೇಡು!" ರೂಫಸ್ ಕತ್ತರಿ ಝಳಪಿಸುತ್ತಿದ್ದ. "ನಮ್ಮ ಟೀಮಿನ ಹೆಸರು ಕಚ್ಚುವ ಆಮೆಗಳು. ಇವನು ಬಂದ್ಮೇಲೆ ಕಚ್ಚೋದು ಹೋಯ್ತು, ಆಮೆ ಉಳೀತು."

"ಬಾಯಿ ಮುಚ್ಚೋ!" ಓರ್ವಿಲ್ ಬಾಗಿಲಲ್ಲೇ ಕೂಗಿದ. "ಇವತ್ತೊಂದು ದಿನ ಗ್ರಿಮ್ಸ್ ಅಂದ್ರೆ ಗಾಂಭೀರ್ಯ, ಗ್ರಿಮ್ಸ್ ಅಂದ್ರೆ ಗುರು. ಯಾರಾದ್ರೂ ಅವನನ್ನ ಬೈದ್ರೆ ಮುಂದಿನ ಹತ್ತು ವರ್ಷ ಅವನ ಆಟ ನೀವೇ ನೋಡ್ಬೇಕು, ತಿಳೀತಾ?"

ಹತ್ತು ವರ್ಷ ಎಂಬ ಮಾತಿಗೆ ರೂಫಸ್ ಕತ್ತರಿ ಕೆಳಗಿಟ್ಟ. ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಊರಿಗೆ ಬಂದವನು ಕ್ಷೌರದಂಗಡಿಗೆ ಬಾರದಿರುತ್ತಾನೆಯೇ? ಬಂದ. ಬೂದು ಕೋಟು, ನುಣ್ಣನೆಯ ಬೋಳುತಲೆ. ಹೆಸರು ಹಾಲಿಸ್ ವಿಟ್‌ಲೋ ಎಂದ.

"ನಿಮ್ಮ ಕೋಚ್ ಬಗ್ಗೆ ಊರಿನೋರ ಅಭಿಪ್ರಾಯ ಬೇಕಿತ್ತು," ಅಂದ. "ಯಾರು ಕಳಿಸಿದ್ರು ಅಂತ ಮಾತ್ರ ಕೇಳ್ಬೇಡಿ, ಹೇಳೋ ಹಾಗಿಲ್ಲ."

"ನಾವ್ಯಾಕೆ ಕೇಳೋಣ ಸಾರ್," ಎಂದು ರೂಫಸ್ ಕೂದಲಿಲ್ಲದ ತಲೆಗೆ ಭಕ್ತಿಯಿಂದ ಬಾಚಣಿಗೆ ಹಿಡಿದ.

"ಅಲ್ಲ, ಶನಿವಾರ ಅವರ ನಲವತ್ತೊಂದಕ್ಕೆ ಇವರು ಮೂರೇ ಅಂಕ ಹೊಡೆದು ಸೋತಿದಾರಲ್ಲ?"

"ಆ ಮೂರು ನೋಡಿ ಸಾರ್!" ಓರ್ವಿಲ್ ಮುಂದೆ ಬಂದ. "ಆ ಟೀಮಿನ ಎದುರು ಈ ವರ್ಷ ಯಾರೂ ಒಂದು ಅಂಕಾನೂ ಗಳಿಸಿರ್ಲಿಲ್ಲ. ನಲವತ್ತೊಂದು ಯಾರು ಬೇಕಾದ್ರೂ ಹೊಡೀತಾರೆ. ಅವರ ಮೇಲೆ ಮೂರು ಹೊಡೆಯೋಕೆ ಗಂಡೆದೆ ಬೇಕು."

ವಿಟ್‌ಲೋ ಹುಬ್ಬೇರಿಸಿದ. "ಅಕ್ಟೋಬರ್‌ನಲ್ಲಿ ಕೊನೇ ನಿಮಿಷದಲ್ಲಿ ಚೆಂಡನ್ನ ಅಂಪೈರ್ ಕೈಗೆ ಎಸೆಯೋ ಹಾಗೆ ಮಾಡಿದ್ರಂತೆ?"

"ಎದುರಾಳಿಗಳು ಅದನ್ನ ನಿರೀಕ್ಷೆ ಮಾಡಿದ್ರಾ? ಇಲ್ಲ! ನಮ್ಮ ಹುಡುಗರೂ ಮಾಡಿರ್ಲಿಲ್ಲ, ಅದು ಬೇರೆ ಮಾತು. ಆದ್ರೆ ತಲೆ ನೋಡಿ, ತಲೆ!"

"ಗೆದ್ದ ನಾಲ್ಕರಲ್ಲಿ ಒಂದು, ಎದುರಾಳಿಗಳ ಬಸ್ಸು ಕೆಟ್ಟು ಅವರು ಬರ್ಲೇ ಇಲ್ವಂತೆ."

"ಅವರ ಡ್ರೈವರ್‌ಗೂ ಗ್ರಿಮ್ಸ್ ಅಂದ್ರೆ ಭಯ ಸಾರ್," ಎಂದ ರೂಫಸ್. ಅಂಗಡಿಯಲ್ಲಿದ್ದವರೆಲ್ಲ "ಹೌದೌದು" ಎಂದರು.

ಓರ್ವಿಲ್‌ಗೆ ತನ್ನ ನಾಲಿಗೆಯ ಮೇಲೆ ತನಗೇ ಬೆರಗಾಯಿತು. ಇಷ್ಟು ವರ್ಷ ಸೊಂಟನೋವಿನವರಿಗೆ ಹಾಸಿಗೆ ಮಾರುವುದರಲ್ಲೇ ಈ ಪ್ರತಿಭೆಯನ್ನು ಸವೆಸಿದೆನಲ್ಲ ಎನಿಸಿತು. ಊಟದ ಹೊತ್ತಿಗೆ ಅವನು ವಿಟ್‌ಲೋನ ಭುಜದ ಮೇಲೆ ಕೈಹಾಕಿ ಎರ್ಲೀನ್‌ಳ ಹೋಟೆಲಿಗೆ ನಡೆಸಿಕೊಂಡು ಹೋದ.

ಎರ್ಲೀನ್ ಕರಿದ ಮೀನು, ಜೋಳದ ರೊಟ್ಟಿ, ಸಿಹಿ ಚಹಾ ತಂದಿಟ್ಟಳು. ಎಲ್ಲ ಸರಿಯಾಗಿಯೇ ಇತ್ತು, ಗೋಡೆಯ ಮೇಲಿನ ಕೋಚ್ ಚಿತ್ರವೊಂದನ್ನು ಬಿಟ್ಟು. ಸೋತ ದಿನಗಳಲ್ಲಿ ಗಿರಾಕಿಗಳು ಅದಕ್ಕೆ ಗುರಿಯಿಟ್ಟು ಮೊಳೆಬಾಣ ಎಸೆಯುತ್ತಿದ್ದರು. ತೆಗೆದಿಡಲು ಎರ್ಲೀನ್ ಮರೆತಿದ್ದಳು. ವಿಟ್‌ಲೋನ ಕಣ್ಣು ಅಲ್ಲೇ ನೆಟ್ಟಿತು.

"ಮುಖದ ತುಂಬ ಇದೇನು ತೂತು?"

ಓರ್ವಿಲ್ ಚಹಾದ ಲೋಟಕ್ಕೆ ಮುಖ ಹುದುಗಿಸಿದ. ಎರ್ಲೀನ್ ಮಾತ್ರ ಒಂದಿಷ್ಟೂ ಅಲುಗಾಡಲಿಲ್ಲ.

"ಪಾಪ, ಚಿಕ್ಕೋರಿದ್ದಾಗ ಸಿಡುಬು ಬಂದಿತ್ತು ಸಾರ್," ಎಂದು ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು. "ಅಂಥಾ ಕಷ್ಟದಿಂದ ಮೇಲೆ ಬಂದ ಜೀವ. ಇನ್ನೊಂದು ಮೀನು ಹಾಕ್ಲಾ?"

ವಿಟ್‌ಲೋನ ಕಣ್ಣೂ ಒದ್ದೆಯಾಯಿತು. ಓರ್ವಿಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೊನೆಗೆ ವಿಟ್‌ಲೋ ಕೋಚ್ ಇರುವ ಮನೆಯನ್ನೂ ಒಮ್ಮೆ ನೋಡಬೇಕೆಂದ. "ನಮ್ಮ ಮನೆ ಪಕ್ಕದ್ದೇ ಸಾರ್," ಎಂದು ಓರ್ವಿಲ್ ಅವನ ಬಾಡಿಗೆ ಕಾರು ಹತ್ತಿದ. ಬೀದಿ ತಿರುಗಿದ ಮೇಲೆ ಓರ್ವಿಲ್‌ಗೆ ನೆನಪಾಯಿತು: ತನ್ನ ಅಂಗಳದ ಬೋರ್ಡುಗಳನ್ನು ಕಿತ್ತಿದ್ದ, ಕೋಚ್ ಅಂಗಳದವು ಹಾಗೇ ಇದ್ದವು. ಹಿತ್ತಿಲಿನವರೆಗೂ ಬೋರ್ಡುಗಳು, ಹೊಲದಲ್ಲಿ ಬೆಳೆ ನಿಂತ ಹಾಗೆ.

"ಇದೇನ್ರೀ ಇದು?" ವಿಟ್‌ಲೋ ಕಾರಿನಿಂದ ಇಳಿದೇ ಬಿಟ್ಟ. "ಊರಿನೋರು ಇವರನ್ನ ಓಡಿಸೋಕೆ ನೆಟ್ಟಿರೋದಲ್ವಾ ಇವು?"

ಇಡೀ ದಿನದ ದುಡಿಮೆ ಕಣ್ಣೆದುರೇ ಕೊಚ್ಚಿಹೋಗುತ್ತಿತ್ತು. ಓರ್ವಿಲ್ ಕಣ್ಣುಮುಚ್ಚಿ ಬಾವಿಗೆ ಹಾರಿದ.

"ಅಯ್ಯೋ, ಇವು ನನ್ನವು ಸಾರ್! ನಾನು ಮನೆ ಮಾರ್ತಾ ಇದೀನಿ!"

"ನಿಮ್ಮ ಮನೆ ಪಕ್ಕದ್ದಲ್ವಾ? ಬೋರ್ಡು ಇವರ ಅಂಗಳದಲ್ಲಿ?"

"ನನ್ನ ಅಂಗಳದಲ್ಲಿ ಜಾಗ ಸಾಲ್ಲಿಲ್ಲ. ಕೋಚ್ ಧಾರಾಳಿ, ನಮ್ಮಲ್ಲೇ ಹಾಕ್ಕೋ ಅಂದ್ರು."

"ಇಷ್ಟೊಂದು?"

"ಬೇಗ ಮಾರ್ಬೇಕಿತ್ತು ಸಾರ್. ಆದಷ್ಟು ಬೇಗ."

ಪಕ್ಕದಲ್ಲಿ ಓರ್ವಿಲ್‌ನ ಮನೆಯ ಜಗುಲಿಯ ಮೇಲೆ ಏನೋ ಟಣ್ಣೆಂದಿತು. ವರ್ನಾ ನೀರಿನ ಡಬ್ಬಿಯನ್ನು ಕೆಳಗಿಟ್ಟು ನಿಂತಿದ್ದಳು. ಅವಳ ಮುಖದ ಮೇಲೆ ಮದುವೆಯ ದಿನ ಕಂಡಿದ್ದಂಥ ನಗೆ.

"ನಿಜವಾಗ್ಲೂ ಮಾರ್ತಿದೀರಾ?" ಎಂದು ಕೇಳಿದಳು.

ಇಲ್ಲ ಎಂದರೆ ಕೋಚ್ ಉಳಿಯುತ್ತಾನೆ. ಓರ್ವಿಲ್ ವಿಟ್‌ಲೋ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಹೂಂ ಕಣೇ, ನಿಜವಾಗ್ಲೂ," ಎಂದ, ಅವಳಿಗೆ ಕಣ್ಣು ಮಿಟುಕಿಸಿ. ಸಂಜೆ ಎಲ್ಲ ಬಿಡಿಸಿ ಹೇಳಿದರಾಯಿತು ಎಂದುಕೊಂಡ. ವರ್ನಾ ಆಗಲೇ ಒಳಗೆ ಹೋಗಿದ್ದಳು.

"ಇಷ್ಟು ಒಳ್ಳೇ ನೆರೆಯವರನ್ನ ಬಿಟ್ಟು ಹೋಗೋಕೆ ಹೇಗೆ ಮನಸ್ಸು ಬರುತ್ತೆ?" ಎಂದು ವಿಟ್‌ಲೋ ಅವನ ಕೈಹಿಡಿದ. ಓರ್ವಿಲ್ ಅಪ್ಪ ಕಟ್ಟಿಸಿದ ಮನೆಯ ಕಡೆ ನೋಡಿದ. ಬಿಕ್ಕಿದ. ಅದೇ ಒಳ್ಳೆಯ ಉತ್ತರವಾಯಿತು.

ಐದು ಗಂಟೆಗೆ ಕೋಚ್ ವಿಚಾರ ಘೋಷಣೆಯಾಗುತ್ತದೆಂದು ಕಾಲೇಜು ಡಂಗುರ ಸಾರಿತು. ಇಡೀ ಊರು ಮೈದಾನಕ್ಕೆ ನುಗ್ಗಿತು. ಬ್ಯಾಂಡಿನವರು ಕಹಳೆ ಒರೆಸಿಕೊಂಡು ಬಂದರು. ಎರ್ಲೀನ್ ಬೀಳ್ಕೊಡುಗೆಗೆಂದು ಪೆಕನ್ ಬೀಜದ ಸಿಹಿಯ ತಟ್ಟೆಗಳನ್ನೇ ಹೊತ್ತು ತಂದಳು. ರೂಫಸ್ ಓರ್ವಿಲ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದ. "ಇವನೇ ಕಣ್ರೋ ನಮ್ಮೂರನ್ನ ಉಳಿಸಿದೋನು!" ಜನ ಚಪ್ಪಾಳೆ ಹೊಡೆದರು. ಹುಟ್ಟಿದಾರಭ್ಯ ಯಾವ ಆಟದಲ್ಲೂ ಗೆಲ್ಲದ ಓರ್ವಿಲ್, ಮೇಲಿನಿಂದ ಊರನ್ನೆಲ್ಲ ನೋಡಿ ಎರಡೂ ಕೈ ಎತ್ತಿದ. ಆ ಗಳಿಗೆಯಲ್ಲಿ ಅವನಷ್ಟು ಸುಖಿ ಅಲಬಾಮಾದಲ್ಲೇ ಇರಲಿಲ್ಲ.

ಧರ್ಮದರ್ಶಿಗಳ ಅಧ್ಯಕ್ಷ ಮೈಕಿನ ಮುಂದೆ ಬಂದ. ಅವನ ಪಕ್ಕದಲ್ಲಿ ವಿಟ್‌ಲೋ.

"ಬಂಧುಗಳೇ, ನಿಜ ಹೇಳಿಬಿಡ್ತೀನಿ," ಎಂದ ಅಧ್ಯಕ್ಷ. "ಕೋಚ್ ಗ್ರಿಮ್ಸ್‌ರನ್ನ ಇವತ್ತು ತೆಗೆದುಹಾಕೋದು ಅಂತ ನಾವು ತೀರ್ಮಾನ ಮಾಡಿದ್ವಿ. ಅದಕ್ಕೆ ಬೇಕಾದ ದುಡ್ಡನ್ನೂ ಹೇಗೋ ಹೊಂದಿಸಿದ್ವಿ. ಆದ್ರೆ ಅನ್ಯಾಯ ಆಗ್ಬಾರ್ದು ಅಂತ, ಈ ಊರಿನ ಗಂಧಗಾಳಿ ಇಲ್ಲದ ಒಬ್ಬ ತಜ್ಞರನ್ನ ಟೆನೆಸ್ಸಿಯಿಂದ ನಾವೇ ಕರೆಸಿದ್ವಿ."

ರೂಫಸ್ ಕುಣಿತ ನಿಲ್ಲಿಸಿ ಹೆಗಲು ಇಳಿಬಿಟ್ಟ. ಹೆಗಲ ಮೇಲಿದ್ದ ಓರ್ವಿಲ್ ಒಂದು ಗೇಣು ಕೆಳಗಿಳಿದ.

ವಿಟ್‌ಲೋ ಮೈಕು ಹಿಡಿದ. "ನೂರಾರು ಊರು ನೋಡಿದೀನಿ. ಸೋತ ಕೋಚನ್ನ ಇಷ್ಟು ಪ್ರೀತಿಸೋ ಊರು ನೋಡಿಲ್ಲ. ಒಬ್ಬರಂತೂ ಇವರ ನೆರೆ ಬಿಟ್ಟು ಹೋಗ್ಬೇಕಲ್ಲ ಅಂತ ನನ್ನ ಕೈ ಹಿಡಿದು ಅತ್ತುಬಿಟ್ರು. ಅಂಕಿಗಳು ಏನಾದ್ರೂ ಹೇಳ್ಲಿ, ಇಂಥವರನ್ನ ಕಳ್ಕೋಬೇಡಿ ಅಂತ ಬರೆದುಕೊಟ್ಟಿದೀನಿ."

"ಆದ್ದರಿಂದ," ಎಂದ ಅಧ್ಯಕ್ಷ, "ಕೋಚ್ ಗ್ರಿಮ್ಸ್ ಇನ್ನೂ ಹತ್ತು ವರ್ಷ ನಮ್ಮವರೇ!"

ಬ್ಯಾಂಡಿನವರಿಗೆ ಯಾರೂ ಏನೂ ಹೇಳಿರಲಿಲ್ಲವಾದ್ದರಿಂದ ಅವರು ಜೋರಾಗಿ ವಿಜಯಗೀತೆ ಬಾರಿಸಿದರು. ಬೂಫರ್ಡ್ ಗ್ರಿಮ್ಸ್, ಗೂಳಿಯಂಥ ಆಳು, ಮಗುವಿನಂತೆ ಅಳುತ್ತ ಓಡಿ ಬಂದ.

"ಓರ್ವಿಲ್! ನಾಳೆ ಫ್ಲಾರಿಡಾಗೆ ಹೊರಟು ಮೀನು ಹಿಡ್ಕೊಂಡು ಇರೋಣ ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದೆ ಕಣಯ್ಯಾ! ನೀನು ನನ್ನ ಕಣ್ಣು ತೆರೆಸಿದೆ!"

ಗೆದ್ದ ದಿನ ಕೋಚ್ ತಲೆಯ ಮೇಲೆ ಮಂಜುಗಡ್ಡೆಯ ಶರಬತ್ತಿನ ಡ್ರಮ್ಮು ಸುರಿಯುವುದು ಅಲ್ಲಿನ ವಾಡಿಕೆ. ಆ ಗೌರವವನ್ನು ಗ್ರಿಮ್ಸ್ ತನ್ನ ಕೈಯಾರೆ ಓರ್ವಿಲ್‌ಗೆ ಮಾಡಿದ. ಕೆಂಪು ಶರಬತ್ತು ತಲೆಯಿಂದ ಕಾಲಿಗೆ ಇಳಿಯಿತು. ಕಣ್ಣೊರೆಸಿಕೊಂಡು ನೋಡಿದರೆ ಸುತ್ತ ಒಬ್ಬರೂ ಇರಲಿಲ್ಲ. ಎರ್ಲೀನ್ ಸಿಹಿಯ ತಟ್ಟೆಗಳನ್ನು ವಾಪಸು ಹೊತ್ತುಕೊಂಡು ಹೋಗುತ್ತಿದ್ದಳು.

"ಹತ್ತು ವರ್ಷ ಅಂತ ನೀನೇ ಅಂದಿದ್ದೆ," ಎಂದ ರೂಫಸ್ ದೂರದಿಂದ. "ನಿನ್ನ ಬಾಯಿಗಿಷ್ಟು!"

ಕಾರಿಗೆ ಹತ್ತಿಸಿಕೊಳ್ಳುವವರೂ ಇಲ್ಲದೆ, ನಡುಗುತ್ತ, ಅಂಟಂಟಾಗಿ ಓರ್ವಿಲ್ ಮನೆಗೆ ನಡೆದ. ಹೋಗಲಿ, ಮನೆಯೊಂದು ಇದೆಯಲ್ಲ, ವರ್ನಾಳನ್ನು ಹೇಗಾದರೂ ಒಪ್ಪಿಸಿದರಾಯಿತು, ಇಡೀ ಊರನ್ನೇ ಒಪ್ಪಿಸಿದವನು ನಾನು ಎಂದು ಧೈರ್ಯ ತಂದುಕೊಂಡ. ಅಂಗಳದಲ್ಲಿ ಮತ್ತೊಂದು ಬೋರ್ಡು ನಿಂತಿತ್ತು. ಅಭ್ಯಾಸಬಲದಿಂದ ಎಡಗೈ ಹಾಕಿ ಎಳೆದ. ಬರಲಿಲ್ಲ. ಎರಡೂ ಕೈ ಹಾಕಿದ. ಅಲುಗಲೂ ಇಲ್ಲ. ಬುಡಕ್ಕೆ ಸಿಮೆಂಟು ಹಾಕಿತ್ತು, ಮೇಲೆ ಮನೆ ದಲ್ಲಾಳಿಯ ಫೋನ್ ನಂಬರು ಇತ್ತು.

"ಅದು ಬರಲ್ಲ ಬಿಡಿ," ಎಂದಳು ವರ್ನಾ ಉಯ್ಯಾಲೆಯಿಂದ. "ಅದು ನಿಜವಾದ್ದು. ಆದಷ್ಟು ಬೇಗ ಅಂದ್ರಲ್ಲ, ನೀವು ಅತ್ಲಾಗೆ ಹೋದ ತಕ್ಷಣ ದಲ್ಲಾಳಿಗೆ ಫೋನ್ ಮಾಡ್ದೆ. ಆಗಲೇ ಗಿರಾಕೀನೂ ಸಿಕ್ಕಾಯ್ತು."

"ಯಾರು?" ಓರ್ವಿಲ್‌ನ ಹಲ್ಲು ಕಟಕಟ ಎನ್ನುತ್ತಿತ್ತು.

"ಕೋಚ್ ಗ್ರಿಮ್ಸ್. ಮೈದಾನದಿಂದ ಕಾರಿನಲ್ಲಿ ಬಂದೋರು ಬೋರ್ಡು ನೋಡಿ ನೇರ ಇಲ್ಲಿಗೇ ಬಂದ್ರು. ಹತ್ತು ವರ್ಷ ಇರಬೇಕಂತಲ್ಲ. ಅವರ ಅಂಗಳದಲ್ಲಿ ಜನ ಕಂಡಕಂಡ ಬೋರ್ಡು ನೆಡ್ತಾರಂತೆ. ನಮ್ಮ ಅಂಗಳ ದಿನಾ ಬೆಳಗ್ಗೆ ನೋಡಿದ್ರೂ ಎಷ್ಟು ಚೊಕ್ಕಟವಾಗಿರುತ್ತೆ ಅಂತ ಬಲು ಹೊಗಳಿದ್ರು."