ನಾನು ಡೊಳ್ಳು ಕಲಿತದ್ದು ಸೈಕಲ್ಲಿಗಾಗಿ

ಡೊಳ್ಳು ಬಾರಿಸುವುದನ್ನು ಕಲಿತರೆ ಏನು ಲಾಭ ಎಂದು ಯಾರಾದರೂ ಕೇಳಿದರೆ, ಅವರಿಗೆ ಮದುವೆಯಾಗಿದೆಯೇ ಎಂದು ಮೊದಲು ವಿಚಾರಿಸಿಕೊಂಡು ಆಮೇಲೆ ಉತ್ತರ ಹೇಳುತ್ತೇನೆ. ಮದುವೆಯಾಗದವರಿಗೆ ಲಾಭಗಳು ಬೇಕಾದಷ್ಟಿವೆ. ರಟ್ಟೆ ಗಟ್ಟಿಯಾಗುತ್ತದೆ, ಹೊಟ್ಟೆ ಕರಗುತ್ತದೆ (ನನ್ನದು ಕರಗಲಿಲ್ಲ, ಅದು ಬೇರೆ ವಿಷಯ), ಊರಿನಲ್ಲಿ ನಾಲ್ಕು ಜನ ಮಾತನಾಡಿಸುತ್ತಾರೆ. ಮದುವೆಯಾದವರು ಮಾತ್ರ ನನ್ನ ಈ ನಿವೇದನೆಯನ್ನು ಕೊನೆಯವರೆಗೂ ಓದಿ, ಆಮೇಲೆ ಹೆಗಲಿಗೆ ಡೊಳ್ಳು ಏರಿಸುವುದು ಕ್ಷೇಮ.

ಸಿಂಗಟಗೆರೆಯಲ್ಲಿ ನಮಗೊಂದು ಸಣ್ಣ ತೆಂಗಿನ ತೋಟ. ಐವತ್ತೆಂಟನೇ ಇಸವಿಯಲ್ಲಿ ಅದು ಎಂದೂ ಇಲ್ಲದ ಹಾಗೆ ಕಾಯಿ ಬಿಟ್ಟಿತು. ಅಟ್ಟದ ತುಂಬ ಕೊಬ್ಬರಿ. ಸಂಸಾರದಲ್ಲಿ ಜಗಳ ಹುಟ್ಟಲು ಬಡತನವೇ ಬೇಕೆಂದೇನೂ ಇಲ್ಲ ಎಂಬುದು ನನಗೆ ಆಗ ತಿಳಿಯಿತು. ಆ ಕೊಬ್ಬರಿಯ ಹಣದಲ್ಲಿ ನನಗೆ ಸೈಕಲ್ ಬೇಕಿತ್ತು. ನನ್ನ ಹೆಂಡತಿ ಹುಲಿಗೆಮ್ಮನಿಗೆ ಹೊಲಿಗೆ ಮಿಷನ್ನು ಬೇಕಿತ್ತು. ಎರಡನ್ನೂ ಕೊಳ್ಳುವಷ್ಟು ಫಸಲು ಕೊಡುವ ಉದಾರಬುದ್ಧಿ ನಮ್ಮ ತೋಟಕ್ಕೆ ಇರಲಿಲ್ಲ.

"ಸೈಕಲ್ ಯಾತಕ್ಕೆ? ಮನೆಯಿಂದ ತೋಟಕ್ಕೆ ಕೂಗಳತೆ ದೂರ," ಎನ್ನುತ್ತಿದ್ದಳು.

"ಕಡೂರಿಗೆ ಹೋಗೋಕೆ ಕಣೇ."

"ಕಡೂರಿಗೆ ಬಸ್ಸಿಲ್ವಾ?"

"ಬಸ್ಸು ಅದು ಹೋದಾಗ ಹೋಗ್ತದೆ. ಸೈಕಲ್ ನಾನು ಹೋದಾಗ ಹೋಗ್ತದೆ."

"ನೀವು ಹೋಗಿ ಬರೋದೆಲ್ಲ ಹೋಟ್ಲಿಗೆ. ಅಲ್ಲಿಗೆ ಬಸ್ಸೇ ಸಾಕು. ನಾನು ಗ್ರಾಮಸೇವಿಕೆ ಅಮ್ಮನ ಹತ್ರ ಆರು ತಿಂಗ್ಳು ಹೊಲಿಗೆ ಕಲ್ತಿದ್ದೀನಿ. ಈ ಊರಿನ ಹೆಂಗಸ್ರು ಒಂದು ರವಿಕೆಗೆ ಕಡೂರಿಗೆ ಮೂರು ಸಲ ತಿರುಗ್ತಾರೆ. ಮನೇಲಿ ಒಂದು ಮಿಷನ್ನಿದ್ರೆ..."

ಇಷ್ಟಾಗುವಾಗ ನಾನು ಜಗಲಿಗೆ ಬಂದಿರುತ್ತಿದ್ದೆ. ಅವಳ ಮಾತು ಜಗಲಿಗೂ ಬರುತ್ತಿತ್ತು. ಅವಳಿಗೆ ಹೇಳದೆ ಸೈಕಲ್ ತಂದುಬಿಡುವ ಧೈರ್ಯ ನನಗಿತ್ತು. ತಂದ ಮೇಲೆ ಮನೆಯಲ್ಲಿ ಬದುಕುವ ಧೈರ್ಯ ಇರಲಿಲ್ಲ.

ಇಂಥ ಸಂಕಟದಲ್ಲಿರುವಾಗ ದಾರಿ ತೋರಿಸಿದವನು ನಮ್ಮ ಡೊಳ್ಳಿನ ಮೇಳದ ಯಜಮಾನ ಚಿಕ್ಕಬೀರಪ್ಪ. ದೀಪಾವಳಿ ಕಳೆದ ಮೇಲೆ ನಮ್ಮ ಬೀರಪ್ಪ ದೇವರಿಗೆ ಒಂಬತ್ತು ದಿನದ ಸೇವೆ ನಡೆಯುತ್ತದೆ. ಆ ವರ್ಷ ಮೇಳಕ್ಕೆ ಒಬ್ಬ ಕಡಿಮೆಯಾಗಿದ್ದ.

"ಬಾರೋ ಮುದ್ದಪ್ಪ, ಡೊಳ್ಳು ಹಿಡಿ," ಎಂದ. "ಎರಡು ತಿಂಗ್ಳಲ್ಲಿ ಕಲಿಸಿಬಿಡ್ತೀನಿ. ಒಂಬತ್ತು ದಿನ ಮೀಸಲಾಗಿರ್ಬೇಕು ಅಷ್ಟೆ. ಕಾಲಿಗೆ ಮೆಟ್ಟು ಹಾಕೋ ಹಾಗಿಲ್ಲ, ಬಾಡು ತಿನ್ನೋ ಹಾಗಿಲ್ಲ. ಡೊಳ್ಳು ಹೊತ್ತೋನ ಮೇಲೆ ಆ ಒಂಬತ್ತು ದಿನ ಯಾರೂ ದನಿ ಎತ್ತೋ ಹಾಗಿಲ್ಲ."

"ಯಾರೂ ಅಂದ್ರೆ?"

"ಯಾರೂ."

"ಹೆಂಡ್ತಿ?"

"ಅವ್ಳು ಮೊದ್ಲು," ಎಂದ ಚಿಕ್ಕಬೀರಪ್ಪ. ಆಮೇಲೆ ಮನೆ ಮನೆ ಮುಂದೆ ಹೊಸ ಡೊಳ್ಳಿನವನು ಮಾಡಬೇಕಾದ ಕೆಲಸದ ಬಗ್ಗೆಯೂ ಏನೋ ಹೇಳಿದ. ನನ್ನ ಕಿವಿ ಅಷ್ಟು ಹೊತ್ತಿಗೆ ಸೈಕಲ್ ಬೆಲ್ಲಿನ ಸದ್ದು ಕೇಳುತ್ತಿತ್ತು.

ನನ್ನ ಯೋಜನೆ ಸರಳವಾಗಿತ್ತು. ಕೊಬ್ಬರಿ ಮಂಡಿಯ ಕಲ್ಲೇಶಪ್ಪನವರಿಗೆ, ಸೇವೆಯ ಒಂಬತ್ತನೇ ದಿನ ಬೆಳಗ್ಗೆಯೇ ಗಾಡಿ ತನ್ನಿ ಎಂದು ಹೇಳುವುದು. ಹಣ ಕೈಗೆ ಬಂದ ಕೂಡಲೇ ಅವರ ಗಾಡಿಯಲ್ಲೇ ಕಡೂರಿಗೆ ಹೋಗುವುದು. ಹಸಿರು ಬಣ್ಣದ್ದು, ಹಿಂದೆ ಕ್ಯಾರಿಯರ್, ಮುಂದೆ ಡೈನಮೋ ಲೈಟು ಇರುವ ಸೈಕಲ್ಲನ್ನು ನಾನು ಆಗಲೇ ನೋಡಿ ಸವರಿ ಬಂದಿದ್ದೆ. ಸಂಜೆಯೊಳಗೆ ಅದರ ಮೇಲೆ ಕುಳಿತು ಮನೆಗೆ ಬರುವುದು. ಸೂರ್ಯ ಮುಳುಗುವವರೆಗೆ ನಾನು ಮೀಸಲು, ಹುಲಿಗೆಮ್ಮ ಬಾಯಿ ಬಿಡುವಂತಿಲ್ಲ. ಮಾರನೆಯ ದಿನ ಬೈಯಲಿ ಬೇಕಾದರೆ. ಒಂದು ರಾತ್ರಿ ತಣಿದ ಕೋಪಕ್ಕೆ ಖಾರ ಕಡಿಮೆ.

ಕಲಿಯುವುದು ಮಾತ್ರ ಸರಳವಾಗಿರಲಿಲ್ಲ. ಬಲಗೈಯ ಕೋಲು ಒಂದು ಹೇಳಿದರೆ ಎಡಗೈಯ ಅಂಗೈ ಇನ್ನೊಂದು ಹೇಳುತ್ತಿತ್ತು, ಕಾಲು ಎರಡನ್ನೂ ಕೇಳುತ್ತಿರಲಿಲ್ಲ. ಗುಡಿಯ ಅಂಗಳದಲ್ಲಿ ಚಿಕ್ಕಬೀರಪ್ಪ ಬೈದು ಕಳಿಸಿದ ಮೇಲೆ ಮನೆಗೆ ಬಂದು ಸೀಮೆಎಣ್ಣೆ ಡಬ್ಬದ ಮೇಲೆ ಬಾರಿಸುತ್ತಿದ್ದೆ.

"ಡೊಳ್ಳು ಹೊತ್ಕೊಂಡ್ರೆ ಎರಡೆರಡು ಕಾಣ್ತವೆ," ಎಂದಳು ಹುಲಿಗೆಮ್ಮ ನನ್ನ ಹೊಟ್ಟೆ ನೋಡಿ. "ಯಾವ್ದಕ್ಕೆ ಹೊಡೀಬೇಕು ಅಂತ ಗುರುತಿಟ್ಕೊಳಿ."

ಆದರೆ ಎಂಟು ದಿನ ಕಳೆಯುವಷ್ಟರಲ್ಲಿ ಅವಳ ಧಾಟಿ ಬದಲಾಯಿತು. ಅವಳ ಅಪ್ಪ ಬುಕ್ಕಾಂಬುಧಿಯಲ್ಲಿ ಹೆಸರಾದ ಡೊಳ್ಳಿನವನು. ಅವಳಿಗೆ ತಾಳ ಹಾಲಿನ ಜೊತೆಗೇ ಬಂದಿತ್ತು. ಮುದ್ದೆ ತೊಳಸುತ್ತಲೇ ಒಳಗಿನಿಂದ "ಮೂರನೇ ಏಟು ನುಂಗಿಬಿಟ್ರಿ" ಎನ್ನುತ್ತಿದ್ದಳು. ನೋಡಿದರೆ ನುಂಗಿಯೇ ಇರುತ್ತಿದ್ದೆ. ಅಂಗೈ ಬೊಬ್ಬೆಗೆ ಬೆಣ್ಣೆ ಹಚ್ಚಿದಳು. ಹೆಗಲಿಗೆ ಬಿಸಿನೀರು ಹುಯ್ದಳು. ಇಷ್ಟು ಒಳ್ಳೆಯ ಹೆಂಗಸಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹಸಿರು ಬಣ್ಣವನ್ನು ನೆನೆಸಿಕೊಂಡು ನಾಚಿಕೆಯನ್ನು ತಡೆದುಕೊಂಡೆ.

ಸೇವೆ ಶುರುವಾಯಿತು. ಮೊದಲ ಎಂಟು ದಿನ ನಾನು ಬದುಕಿದ ಬದುಕನ್ನು ಮೈಸೂರಿನ ಅರಮನೆಯಲ್ಲಿ ಬದುಕುತ್ತಾರೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆಗೆಂದೇ ಕೆಸರುಗಾಲಿನಲ್ಲಿ ಸಾರಿಸಿದ ನೆಲದ ಮೇಲೆ ನಡೆದೆ. ಹುರುಳಿ ಒಣಹಾಕಿದ್ದ ಚಾಪೆ ಎಡವಿ ಕಾಳನ್ನೆಲ್ಲ ಅಂಗಳಕ್ಕೆ ಚೆಲ್ಲಿದೆ. ಹುಲಿಗೆಮ್ಮ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ತೀರಾ ತಡೆಯದಾದಾಗ ಕೊಟ್ಟಿಗೆಗೆ ಹೋಗಿ ಕರುವಿನ ಮುಂದೆ ನಿಲ್ಲುತ್ತಿದ್ದಳು.

"ಲೇ ಕರುವೇ, ನಲವತ್ತು ವರ್ಷ ಆಯ್ತು, ಕಾಲು ತೊಳ್ಕೊಂಡು ಒಳಗೆ ಬರ್ಬೇಕು ಅನ್ನೋ ಬುದ್ಧಿ ಬರ್ಲಿಲ್ವಲ್ಲೋ ನಿಂಗೆ."

ಕರುವಿಗೆ ಆಗ ನಾಲ್ಕು ತಿಂಗಳು. ಅದು ನನ್ನ ಕಡೆ ನೋಡುತ್ತಿತ್ತು.

ಒಂಬತ್ತನೇ ದಿನ ಬೆಳಗ್ಗೆ ಮೇಳ ಮನೆಮನೆಗೆ ಹೊರಟಿತು. ಚಿಕ್ಕಬೀರಪ್ಪ ಹೇಳಿ ನಾನು ಕೇಳಿಸಿಕೊಳ್ಳದೆ ಹೋಗಿದ್ದ ಕೆಲಸ ಏನೆಂಬುದು ಮೊದಲನೆಯ ಮನೆಯಲ್ಲೇ ತಿಳಿಯಿತು. ಡೊಳ್ಳು ಬಾಗಿಲಿಗೆ ಬಂದಾಗ ಆ ಮನೆಯಾಕೆ ಹೊಸ ಡೊಳ್ಳಿನವನ ಕಾಲಿಗೆ ನೀರು ಹಾಕಿ, ಕೈಮುಗಿದು, ತನಗೆ ಬೇಕಾದದ್ದನ್ನು ಕೇಳುತ್ತಾಳೆ. ಅವನು ದೇವರ ಪರವಾಗಿ "ಕೊಟ್ಟೆ ಕಣವ್ವ" ಎನ್ನಬೇಕು. ಇಲ್ಲ ಎನ್ನುವಂತಿಲ್ಲ. ಹಾಗೆಂದ ಮೇಲೆಯೇ ಮೇಳ ಮುಂದಕ್ಕೆ ಹೆಜ್ಜೆ ಇಡುವುದು.

"ಕೆರೆ ತುಂಬಿಸಪ್ಪ," ಎಂದಳು ಮುದುಕಿ ಈರಕ್ಕ.

"ಕೊಟ್ಟೆ ಕಣವ್ವ."

ಪಕ್ಕದ ಮನೆಯವಳು ಗಂಡು ಮೊಮ್ಮಗ ಕೇಳಿದಳು. ಕೊಟ್ಟೆ. ಅದರಾಚೆಯವಳು ಎಮ್ಮೆ ಎರಡು ಹೊತ್ತೂ ಹಾಲು ಕೊಡಲಿ ಎಂದಳು. ಕೊಟ್ಟೆ. ನನಗೆ ಬಹಳ ಸಂತೋಷವಾಯಿತು. ಕೊಡುವವನು ದೇವರು, ಕೀರ್ತಿ ನನಗೆ, ಕೈಯಿಂದ ಕಾಸೂ ಹೋಗುವುದಿಲ್ಲ. ಒಬ್ಬಳು ಬರೀ ಮಳೆ ಕೇಳಿದರೆ ನಾನೇ "ಬೆಳೇನೂ ಕೊಟ್ಟೆ ಕಣವ್ವ" ಎಂದು ಸೇರಿಸಿದೆ.

ಹೀಗೆ ಇಡೀ ಕೇರಿಗೆ ಸುಭಿಕ್ಷವನ್ನು ಹಂಚುತ್ತ ನಮ್ಮ ಮನೆಯ ಬಾಗಿಲಿಗೆ ಬಂದೆ. ಜಗಲಿಯ ಮೇಲೆ ಕಲ್ಲೇಶಪ್ಪನವರು ಕುಳಿತಿದ್ದರು. ಕೊಬ್ಬರಿ ಗಾಡಿಗೆ ಏರಿತ್ತು. ಹಣದ ಚೀಲ ಅವರ ತೊಡೆಯ ಮೇಲಿತ್ತು. ಉಳಿದ ಮನೆಗಳು ಮುಗಿದರೆ ಆಮೇಲೆ ಕಡೂರು ಎಂದುಕೊಂಡು ಜೋರಾಗಿ ನಾಲ್ಕು ಏಟು ಹಾಕಿದೆ.

ಹುಲಿಗೆಮ್ಮ ಹೊಸ ಸೀರೆ ಉಟ್ಟುಕೊಂಡು ತಂಬಿಗೆ ಹಿಡಿದು ಬಂದಳು. ನನ್ನ ಕಾಲಿಗೆ ನೀರು ಹಾಕಿದಳು. ಕಣ್ಣುಮುಚ್ಚಿ ಕೈಮುಗಿದಳು. ಮದುವೆಯಾದಾಗಿನಿಂದ ನನ್ನನ್ನು ಬಹುವಚನದಲ್ಲೇ ಬೈಯುತ್ತಿದ್ದವಳು ದೇವರನ್ನು ಕರೆಯುವ ಹಾಗೆ ಏಕವಚನದಲ್ಲಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ಒಂದು ಹೊಲಿಗೆ ಮಿಷನ್ನು ಕೊಡಪ್ಪ."

ನಾನು ಕೇಳಿಸದವನಂತೆ ಇನ್ನೂ ಜೋರಾಗಿ ಬಾರಿಸಿದೆ. ಚಿಕ್ಕಬೀರಪ್ಪ ಕೈಯೆತ್ತಿದ. ಉಳಿದ ಡೊಳ್ಳುಗಳೆಲ್ಲ ನಿಂತವು. ನನ್ನದೊಂದೇ ಸ್ವಲ್ಪ ಹೊತ್ತು ಬಡಿದುಕೊಂಡು ಅದೂ ನಿಂತಿತು.

"ಮಳೆ ಕೇಳ್ಬಾರ್ದಾ?" ಎಂದು ಮೆಲ್ಲಗೆ ಕೇಳಿದೆ.

"ಮಳೆ ಆಗ್ಲೇ ಆರು ಮನೆಗೆ ಕೊಟ್ಟಿದ್ದೀಯಪ್ಪ. ನಂಗೆ ಮಿಷನ್ನು ಸಾಕು."

"ಹೇಳ್ಬಿಡೋ, ಇನ್ನೂ ಹದಿನೆಂಟು ಮನೆ ಅದೆ," ಎಂದ ಚಿಕ್ಕಬೀರಪ್ಪ.

ಮೇಳದವರ ಮುಖ ನೋಡಿದೆ. ಯಾರಾದರೂ ಗಂಡಸು ಇನ್ನೊಬ್ಬ ಗಂಡಸಿನ ಕಷ್ಟ ತಿಳಿಯಲಿ ಎಂದು ಒಬ್ಬೊಬ್ಬರನ್ನೇ ನೋಡುತ್ತಾ ಹೋದೆ. ಆಗ ಒಂದು ವಿಷಯ ಹೊಳೆಯಿತು. ದೇವೀರಪ್ಪ ಹೆಂಡತಿ ಸತ್ತವನು. ರಂಗಯ್ಯನಿಗೆ ಮದುವೆಯೇ ಆಗಿಲ್ಲ. ಚಿಕ್ಕಬೀರಪ್ಪನ ಹೆಂಡತಿ ತವರಿಗೆ ಹೋಗಿ ಏಳು ವರ್ಷ. ಆ ಮೇಳದಲ್ಲಿ ಮನೆಯಲ್ಲಿ ಹೆಂಡತಿ ಇರುವವನು ನಾನೊಬ್ಬನೇ.

ಹುಲಿಗೆಮ್ಮ ಕಣ್ಣು ತೆರೆದಳು. ಗೆದ್ದವಳ ಕಣ್ಣಾಗಿದ್ದರೆ ನಾನು ಇನ್ನೂ ಸ್ವಲ್ಪ ಹಟ ಹಿಡಿಯುತ್ತಿದ್ದೆನೇನೋ. ಆದರೆ ಅವಳು, ಕೆರೆ ತುಂಬಿಸು ಎಂದ ಈರಕ್ಕನ ಹಾಗೆಯೇ, ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಒಂದು ಕ್ಷಣ ಸೈಕಲ್ಲೇ ಮರೆತುಹೋಯಿತು. (ಒಂದೇ ಕ್ಷಣ. ಆದರೆ ಬಾಯಿ ತೆರೆದದ್ದು ಆ ಕ್ಷಣದಲ್ಲೇ.)

"ಕೊಟ್ಟೆ ಕಣವ್ವ," ಎಂದೆ.

ಕಲ್ಲೇಶಪ್ಪನವರು ಎದ್ದು ಹಣದ ಚೀಲವನ್ನು ನೇರವಾಗಿ ಅವಳ ಕೈಗೆ ಕೊಟ್ಟರು. "ದೇವರ ಮಾತು ಆದ್ಮೇಲೆ ನಡುವೆ ಮನುಷ್ಯ ಯಾಕೆ ಬರ್ಬೇಕು, ಅಲ್ವೇನಪ್ಪಾ ಮುದ್ದಪ್ಪ," ಎಂದರು. ಡೊಳ್ಳು ಮುಂದಕ್ಕೆ ಹೋಯಿತು. ಉಳಿದ ಹದಿನೆಂಟು ಮನೆಗಳಿಗೆ ನಾನು ಕೊಟ್ಟದ್ದು ಅಷ್ಟು ಮನಃಪೂರ್ವಕವಾಗಿ ಇರಲಿಲ್ಲ. ಆ ವರ್ಷ ಅವರ ಬೆಳೆ ಸಾಧಾರಣವಾಗಿದ್ದರೆ ಅದಕ್ಕೆ ನಾನೇ ಕಾರಣ.

ವಾರದೊಳಗೆ ಮಿಷನ್ನು ಕಡೂರಿನಿಂದ ಬಸ್ಸಿನ ಮೇಲೆ ಬಂತು. ಬಸ್ಸು ನಿಲ್ಲುವ ಕಡೆಯಿಂದ ಮನೆಯವರೆಗೆ ಅದನ್ನು ಹೊತ್ತು ತಂದವನು ನಾನೇ. ಎರಡು ತಿಂಗಳು ಡೊಳ್ಳು ಹೊತ್ತು ಹೆಗಲು ಗಟ್ಟಿಯಾಗಿತ್ತು, ಭಾರ ಗೊತ್ತಾಗಲಿಲ್ಲ. ಇದನ್ನೂ ಲಾಭಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಮೊದಲು ನನಗೊಂದು ಅಂಗಿ ಹೊಲಿಯುತ್ತಾಳೆಂದು ಅಳತೆ ಕೊಡಲು ಎದೆಯುಬ್ಬಿಸಿಕೊಂಡು ಅತ್ತಿತ್ತ ಓಡಾಡಿದೆ. ಅವಳು ಹೊಲಿದದ್ದು ಡೊಳ್ಳಿಗೆ ಒಂದು ಗವಸು.

"ಇಲಿ ಕಡಿದ್ರೆ ಮುಂದಿನ ವರ್ಷಕ್ಕೆ ಏನ್ ಮಾಡೋದು?" ಎಂದಳು. "ಹಿಡಿದೋರು ಮೂರು ವರ್ಷ ಬಿಡೋ ಹಾಗಿಲ್ವಂತೆ, ಅಲ್ಲೀವರ್ಗೂ ಹೊಸಬ್ರೇ ಅಂತೆ. ಚಿಕ್ಕಬೀರಪ್ಪಣ್ಣ ಹೇಳ್ದ."

ನಾನು ತಲೆ ಮೇಲೆ ಕೈಯಿಟ್ಟುಕೊಂಡು ಕುಳಿತೆ. "ಹಂಗಾದ್ರೆ ಮುಂದಿನ ವರ್ಷ ಏನ್ ಕೇಳ್ತೀಯ, ಈಗ್ಲೇ ಹೇಳ್ಬಿಡು."

ಅವಳು ಹಲ್ಲಿನಿಂದ ದಾರ ಕಡಿದಳು. "ಸೈಕಲ್ ಕೇಳ್ತೀನಿ."

ಇಂಥವಳ ಕಣ್ಣಿಗೆ ಮಣ್ಣೆರಚಲು ಹೊರಟಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಹಸಿರು ಬಣ್ಣದ್ದೇ ಆಗಬೇಕೆಂದೇನೂ ಇಲ್ಲ, ಕಪ್ಪಾದರೂ ಆಗುತ್ತದೆ ಎಂದು ಹೇಳಬೇಕೆಂದು ಬಾಯಿ ತೆರೆದೆ.

"ನಮ್ ತಮ್ಮಂಗೆ," ಎಂದಳು ಸೂಜಿಗೆ ದಾರ ಏರಿಸುತ್ತಾ. "ಬುಕ್ಕಾಂಬುಧಿಯಿಂದ ವಾರ ವಾರ ಅಕ್ಕನ ಮನೆಗೆ ಬಂದು ನಾಲ್ಕು ದಿನ ಇದ್ದು ಹೋಗೋಕೆ ಬಸ್ಸು ಸರಿಯಾಗಿಲ್ವಂತೆ."